ಬಕೆಟ್ಟಿನಲ್ಲಿ ಮುಳುಗಿದ ಹಾಳೆ

ದೇವರು ಒಬ್ಬೊಬ್ಬರಿಗೆ ಒಂದೊಂದು ವಿದ್ಯೆ ಕೊಟ್ಟಿರುತ್ತಾನೆ. ಕೆಲವರಿಗೆ ಕಂಠ, ಕೆಲವರಿಗೆ ಕೈಗುಣ, ಇನ್ನು ಕೆಲವರಿಗೆ ಒಂದು ಲೋಟ ಚಹಾ ಮುಗಿಯುವುದರೊಳಗೆ ಎದುರಿನವರ ಮನೆಯ ಗುಟ್ಟನ್ನೆಲ್ಲ ಹೊರಗೆಳೆಯುವ ಚಾತುರ್ಯ. ನನ್ನ ಸರದಿ ಬರುವ ಹೊತ್ತಿಗೆ ಅವನ ಉಗ್ರಾಣದಲ್ಲಿ ಪ್ಲಾಸ್ಟಿಕ್ ಕವರಿನ ಜ್ಞಾನವೊಂದೇ ಉಳಿದಿತ್ತೆಂದು ಕಾಣುತ್ತದೆ. ಅದನ್ನೇ ನನ್ನ ಉಡಿಗೆ ಹಾಕಿ ಕಳಿಸಿದ. ಕೊಟ್ಟದ್ದನ್ನು ಬೇಡವೆನ್ನುವ ಅಭ್ಯಾಸ ನನಗಿಲ್ಲ. ಬೆಳಿಗ್ಗೆ ನಲ್ಲಿಗೆ ನೀರು ಬಂದರೂ ದುರ್ಗಮ್ಮನಿಗೆ ಕೈಮುಗಿಯುತ್ತೇನೆ, ಬಾರದಿದ್ದರೆ ನಿನ್ನೆ ಹಿಡಿದಿಟ್ಟ ನೀರಿಗಾಗಿ ಕೈಮುಗಿಯುತ್ತೇನೆ. ಹಾಗಿರುವಾಗ ಕಣ್ಣು ಮುಚ್ಚಿಕೊಂಡು, ಬರೀ ಬೆರಳಿನಿಂದ ಸವರಿ, ಇದು ಯಾವ ಹಾಳೆ, ಏನನ್ನು ಸುತ್ತಿ ಬಂದದ್ದು, ಇನ್ನೆಷ್ಟು ವರ್ಷ ಬಾಳುತ್ತದೆ ಎಂದು ಹೇಳಬಲ್ಲ ವಿದ್ಯೆ ಸಿಕ್ಕಿದ್ದೂ ಸಣ್ಣ ಕೃಪೆಯೇನಲ್ಲ ಎಂದುಕೊಂಡು ಇಪ್ಪತ್ತೆರಡು ವರ್ಷ ಸಂಸಾರ ಮಾಡಿದೆ. ಆ ವಿದ್ಯೆ ಈ ಬೇಸಿಗೆಯಲ್ಲಿ ನನ್ನ ಮಾನ ಕಳೆಯಿತು. ಅದನ್ನು ನಾನೇ ಹೇಳಿಬಿಡುವುದು ವಾಸಿ. ಇಲ್ಲವಾದರೆ ನಮ್ಮ ಮನೆಯವರು ಹೇಳುತ್ತಾರೆ, ಅವರು ಹೇಳಿದರೆ ಉಪ್ಪು ಖಾರ ಜಾಸ್ತಿಯಾಗುತ್ತದೆ.

ಬಳ್ಳಾರಿಯ ನಮ್ಮ ಮನೆಯ ಮಂಚದ ಮೇಲಿನ ಗಾದಿಯನ್ನು ಎತ್ತಿ ನೋಡಿದವರು ಗಾಬರಿಯಾಗುತ್ತಾರೆ. ಅದರ ಕೆಳಗೆ ನನ್ನ ಸಂಗ್ರಹವಿದೆ. ಕವರಿನೊಳಗೆ ಕವರು, ಅದರೊಳಗೆ ಇನ್ನೊಂದು ಕವರು, ಎಲ್ಲವೂ ಅಂಗೈಯಿಂದ ತೀಡಿ, ನಾಲ್ಕು ಮಡಿಕೆ ಹಾಕಿ, ಜಾತಿ ಪ್ರಕಾರ ಇಟ್ಟಿರುವಂಥವು. ರಾತ್ರಿ ಮಗ್ಗುಲು ಬದಲಿಸಿದರೆ ಗಾದಿ ಸರಬರ ಎನ್ನುತ್ತದೆ. ನಮ್ಮ ಮನೆಯವರು ಕಚೇರಿಯಲ್ಲಿ ಗುಮಾಸ್ತರು. ಇಡೀ ದಿನ ಕಡತಗಳ ಸದ್ದು ಕೇಳಿ ಬಂದು ಮತ್ತೆ ಈ ಸದ್ದಿನ ಮೇಲೆ ಮಲಗುವ ಅವರು ಒಂದು ದಿನ, “ಗಿರಿಜಾ, ನಾ ಮನಿಯಾಗ ಮಲಗೀನೋ, ಚಿಪ್ಸಿನ ಪಾಕೀಟಿನಾಗ ಮಲಗೀನೋ ಗೊತ್ತಾಗವಲ್ದು” ಎಂದರು. ನಾನು ಅವರನ್ನು ತಿದ್ದಿದೆ. ಚಿಪ್ಸಿನ ಪೊಟ್ಟಣವನ್ನು ನಾನು ಗಾದಿಯ ಕೆಳಗೆ ಬಿಟ್ಟುಕೊಳ್ಳುವುದಿಲ್ಲ. ಅದರ ಒಳಮೈಗೆ ಬೆಳ್ಳಿಬಣ್ಣದ ಲೇಪ, ಹೊರಮೈಗೆ ಬಣ್ಣ, ನಡುವೆ ಇನ್ನೇನೋ. ಮೂರು ಜಾತಿಯನ್ನು ಒಂದಕ್ಕೊಂದು ಅಂಟಿಸಿ ಮಾಡಿದ ಹಾಳೆ ಅದು, ಯಾವ ಮನೆಗೂ ಸಲ್ಲದು. ಅವರು ನನ್ನನ್ನೊಮ್ಮೆ, ಗಾದಿಯನ್ನೊಮ್ಮೆ ನೋಡಿ, “ಎಲ್ಲಾ ಪ್ಲಾಸ್ಟಿಕ್ಕೇ ಅಲ್ಲೇನು?” ಎಂದರು.

ಎಲ್ಲಾ ಪ್ಲಾಸ್ಟಿಕ್ಕೇ! ಇದು ಬೇಳೆಯೆಲ್ಲಾ ಒಂದೇ, ನಾದಿನಿಯರೆಲ್ಲಾ ಒಂದೇ ಎನ್ನುವಂಥ ಮಾತು. ಹಾಲಿನ ಕವರು ಮೆತ್ತಗಿರುತ್ತದೆ, ಹಿಡಿದೆಳೆದರೆ ಅಳುಮುಂಜಿ ಮಗುವಿನಂತೆ ಉದ್ದವಾಗುತ್ತದೆಯೇ ಹೊರತು ಹರಿಯುವುದಿಲ್ಲ. ಸೀರೆಯ ಕವರು ಗಾಜಿನಂತೆ ಹೊಳೆಯುತ್ತದೆ, ಮುಟ್ಟಿದರೆ ಚರಚರ ಎನ್ನುತ್ತದೆ. ಅಂಚಿನಲ್ಲಿ ಒಂದು ಸಣ್ಣ ಗೀರು ಬಿದ್ದರೆ ಸಾಕು, ಹಳಿಯ ಮೇಲೆ ರೈಲು ಹೋದಂತೆ ನೆಟ್ಟಗೆ ಕೊನೆಯವರೆಗೂ ಸೀಳಿಕೊಂಡು ಹೋಗುತ್ತದೆ. ಮೊದಲು ಸಂತೆಯಲ್ಲಿ ಕೊಡುತ್ತಿದ್ದ ತೆಳ್ಳನೆಯ ಕೈಚೀಲದ ಹಾಳೆ ಇತ್ತಲ್ಲ, ಅದು ಒಣಗಿದ ಎಲೆಯ ಹಾಗೆ ಪರಪರ ಅನ್ನುತ್ತಿತ್ತು. ಅದನ್ನು ಈಗ ಸರಕಾರ ನಿಲ್ಲಿಸಿದೆ, ಆದರೂ ಟೊಮೆಟೊ ಮಾರುವವಳ ಗೋಣಿಚೀಲದ ಕೆಳಗೆ ಕೈಹಾಕಿದರೆ ಸಿಗುತ್ತದೆ ಎಂದು ಕೇಳಿದ್ದೇನೆ. ಹೂಗುಚ್ಛಕ್ಕೆ ಸುತ್ತುವ ಗರಗರ ಹಾಳೆ ನೋಡಲು ಪ್ಲಾಸ್ಟಿಕ್ಕಿನಂತಿದ್ದರೂ ನೀರು ಬಿದ್ದ ಕೂಡಲೇ ಮೆತ್ತಗಾಗಿ ತನ್ನ ನಿಜಗುಣ ತೋರಿಸುತ್ತದೆ. ಎದುರುಮನೆಯ ನಸೀಮಾ ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ಅಳತೆ ತಪ್ಪಿದ ಪ್ಯಾಂಟಿನ ಕವರುಗಳನ್ನು ನನಗೇ ತಂದುಕೊಡುತ್ತಾಳೆ. “ತಗೋರಿ ಅಕ್ಕಾ, ನಿಮ್ಮ ಖಜಾನಾಕ್ಕ” ಎಂದು ನಗುತ್ತಾಳೆ. ಬಾಯಿಗೆ ಅಂಟಿನ ಪಟ್ಟಿ ಇರುವ ಆ ಕವರುಗಳಲ್ಲಿ ನಮ್ಮ ಮನೆಯ ವಿಭೂತಿ, ಕರ್ಪೂರ, ಅಡುಗೆ ಅನಿಲದ ಪುಸ್ತಕ, ನಮ್ಮ ಅತ್ತೆಯ ಹಲ್ಲಿನ ಸೆಟ್ಟು ಎಲ್ಲವೂ ಕ್ಷೇಮವಾಗಿವೆ.

ಹೀಗೆ ನಾನು ನನ್ನ ವಿದ್ಯೆಯಲ್ಲಿ ಸುಖವಾಗಿದ್ದಾಗ ಕುರುಗೋಡಿನಿಂದ ಫೋನು ಬಂತು. ಕುರುಗೋಡಿನಲ್ಲಿರುವುದು ನಮ್ಮ ಮನೆಯವರ ಅಕ್ಕ, ಶಾಂತಕ್ಕ. ಅವರ ಮಗಳು ಸವಿತಾ ಏಳು ತಿಂಗಳ ಬಸುರಿ, ತವರಿಗೆ ಬಂದಿದ್ದಾಳೆ. ಹದಿನೈದು ದಿನಕ್ಕೆ ಕುಬುಸದ ಕಾರ್ಯ, ಅಂದರೆ ಸೀಮಂತ. ಹುಡುಗಿಗೆ ಏನು ತಿಂದರೂ ನಿಲ್ಲುತ್ತಿಲ್ಲ, ಅನ್ನ ಕಂಡರೆ ಮುಖ ತಿರುಗಿಸುತ್ತಾಳೆ ಎಂದು ಮೊದಲೇ ಗೊತ್ತಿತ್ತು. ಶಾಂತಕ್ಕ ನೇರವಾಗಿ ವಿಷಯಕ್ಕೇ ಬಂದರು.

“ಗಿರಿಜಾ, ನಿನ್ನ ಅಕ್ಕಿ ಸಂಡಿಗಿ ಬೇಕಂತಾಳ ನೋಡು ಈಕಿ. ಮುಂಜಾನಿಯಿಂದ ಅದ ಜಪ.”

“ಅದಕ್ಕೇನ್ರಿ ಅಕ್ಕಾ, ಮಾಡಿ ತರ್ತೀನಿ.”

“ಬರೇ ತರೋದಲ್ಲ. ಬೀಗರು ಬರ್ತಾರ. ಮದುವ್ಯಾಗ ಆ ಬೀಗತಿ ಏನಂದ್ಲು ನೆನಪೈತಿಲ್ಲ? ‘ನಿಮ್ಮ ಕಡಿ ಸಂಡಿಗಿ ಅಂಗಡಿಯಾಗ ತಗೋತೀರೇನ್ರಿ?’ ಅಂತ ನಾಕು ಮಂದಿ ಮುಂದ ಕೇಳಿದ್ಲು. ನಾ ಈ ಸಲ ಹೇಳಿಬಿಟ್ಟೀನಿ, ನಮ್ಮ ತಮ್ಮನ ಹೆಂಡ್ತಿ ಸಂಡಿಗಿ ತಿಂದ್ರ ನೀವು ನಿಮ್ಮ ಡಬ್ಬಿ ಮುಚ್ಚಿಡ್ತೀರಿ ಅಂತ. ನನ್ನ ಮಾನ ನಿನ್ನ ಕೈಯಾಗೈತಿ.”

ಬೀಗರು ಸಿರುಗುಪ್ಪದವರು, ಅಂದರೆ ನನ್ನ ತವರೂರಿನವರು. ಕಾಲುವೆ ನೀರು, ಭತ್ತ, ಸಾಲಿಗೆ ರೈಸ್ ಮಿಲ್ಲು ಇರುವ ಊರಿನ ಹೆಂಗಸಿನ ಮುಂದೆ ಅಕ್ಕಿ ಸಂಡಿಗೆ ಇಡುವುದೆಂದರೆ ಕುಂಬಾರನ ಮನೆಗೆ ಗಡಿಗೆ ಹೊತ್ತುಕೊಂಡು ಹೋದಂತೆ. ನನ್ನನ್ನು ಕೇಳದೆಯೇ ನನ್ನ ಹೆಸರನ್ನು ಪಂದ್ಯಕ್ಕೆ ಕಟ್ಟಿದ ಶಾಂತಕ್ಕನವರ ವಿಶ್ವಾಸಕ್ಕೆ ನಾನು ಋಣಿ. ಅಷ್ಟೇ ಸಾಲದೆಂಬಂತೆ ಕೊನೆಯಲ್ಲಿ ಇನ್ನೊಂದು ಕೆಲಸವನ್ನೂ ಅಂಟಿಸಿದರು: “ಮತ್ತ ಹಣ್ಣು, ಬಳಿ, ಸೀರಿ ತಟ್ಟಿಗೆ ಮ್ಯಾಲೆ ಹಾಕತಾರಲ್ಲ ಹೊಳೆಯೋ ಹಾಳಿ, ಅದು ಇಲ್ಲಿ ಸಿಗವಲ್ದು. ಬಳ್ಳಾರಿಯಾಗ ತಗೊಂಡು ಬಾ. ಐದು ತಟ್ಟಿಗೆ ಆಗಬೇಕು.”

ಸಂಡಿಗೆಗೆ ಹಳೆಯ ಅಕ್ಕಿ ಬೇಕು. ಹೊಸ ಅಕ್ಕಿಯ ಹಿಟ್ಟು ಅಂಟಂಟು, ಎಣ್ಣೆಗೆ ಬಿಟ್ಟರೆ ಅರಳುವ ಬದಲು ಮುನಿಸಿಕೊಂಡು ಕೂಡುತ್ತದೆ. ಸಿರುಗುಪ್ಪಕ್ಕೆ ಫೋನು ಮಾಡಿದೆ. ನಮ್ಮವ್ವ ಚೀಲದ ತಳ ಕೊಡವಿ, ಎರಡು ವರ್ಷದ ಹಳೆ ಅಕ್ಕಿಯನ್ನು ಬಟ್ಟೆಯ ಗಂಟು ಕಟ್ಟಿ ಬಸ್ಸಿನಲ್ಲಿ ಕಳಿಸಿದಳು. ಫೋನಿನಲ್ಲಿ ಎರಡೆರಡು ಸಲ ಹೇಳಿದಳು: “ಇಷ್ಟ ಇತ್ತು ಮಗಳ. ಇದು ಕೆಟ್ಟರ ಇನ್ನ ಮುಂದಿನ ವರ್ಷಾನ. ಧ್ಯಾನ ಎಲ್ಲೋ ಇಟ್ಟು ಮಾಡಬ್ಯಾಡ.” ನಾನು ನಕ್ಕೆ. ಸಂಡಿಗೆ ಕೆಡುವುದೆಂದರೇನು? ನನ್ನ ಕೈಯಲ್ಲಿ? ಬಳ್ಳಾರಿಯ ಬಿಸಿಲಿನಲ್ಲಿ? ಸೂರ್ಯದೇವನಿಗೆ ನಮ್ಮ ಊರಿನ ಮೇಲೆ ಇರುವ ಅಭಿಮಾನವನ್ನು ಬೇರೆ ಯಾವ ಊರಿನವರೂ ಸಹಿಸಲಾರರು. ಬೇರೆ ಕಡೆ ಮೂರು ದಿನ ಒಣಗುವುದು ನಮ್ಮ ಮಾಳಿಗೆಯ ಮೇಲೆ ಸಂಜೆಗೆ ಗಲಗಲ ಎನ್ನುತ್ತದೆ. ಅದನ್ನೂ ನಾನು ಕೃಪೆಯ ಲೆಕ್ಕಕ್ಕೇ ಸೇರಿಸಿಕೊಂಡಿದ್ದೇನೆ.

ಅಕ್ಕಿ ನೆನೆಹಾಕಿ ಮೂರನೆಯ ದಿನ ನನ್ನ ಸಂಡಿಗೆ ಹಾಳೆಯನ್ನು ಹುಡುಕಿದೆ. ಹನ್ನೊಂದು ವರ್ಷದ ಹಿಂದೆ ಗಾದಿ ಕೊಂಡಾಗ ಅದರ ಮೈಮೇಲೆ ಬಂದ ಹಾಳೆ ಅದು. ದಪ್ಪನೆಯದು, ಮೆತ್ತನೆಯದು, ಹಾಲಿನ ಕವರಿನ ದೊಡ್ಡಪ್ಪ. ಪ್ರತಿ ಬೇಸಿಗೆ ಅದರ ಮೇಲೆ ಸಂಡಿಗೆ ಹಾಕಿ, ಸಂಜೆ ಅಂಚು ಹಿಡಿದು ಎತ್ತಿದರೆ ಸಂಡಿಗೆಗಳು ತಾವಾಗಿಯೇ ಕಳಚಿ ಬೀಳುತ್ತಿದ್ದವು. ಗಾದಿಯ ಕೆಳಗಿರಲಿಲ್ಲ, ಅಟ್ಟದ ಮೇಲಿರಲಿಲ್ಲ. ಕೊನೆಗೆ ಸಿಕ್ಕಿದ್ದು ಅಂಗಳದಲ್ಲಿ, ನಮ್ಮ ಮನೆಯವರ ಸ್ಕೂಟರಿನ ಮೇಲೆ. ಸೀಟಿಗೆ ಬಿಸಿಲು ತಾಗಬಾರದೆಂದು ನಡುವೆ ಕತ್ತರಿಸಿ, ಕನ್ನಡಿಗಳಿಗೆ ಎರಡು ತೂತು ಬೇರೆ ಮಾಡಿ ತೊಡಿಸಿದ್ದರು. ಎರಡು ವಾರದಿಂದ ನಾನು ಅದರ ಪಕ್ಕದಲ್ಲೇ ನಿಂತು ತುಳಸಿಗೆ ನೀರೆರೆದಿದ್ದೇನೆ. ಮೂಸಿ ನೋಡಿದೆ. ಪೆಟ್ರೋಲು.

“ಹಳೇದಿತ್ತಲ್ಲ ಅಂತ ತಗೊಂಡೆ. ಅಂಥಾವು ಗಾದಿ ಕೆಳಗ ನೂರು ಅದಾವಲ್ಲ” ಎಂದರು.

“ನೂರಲ್ಲ, ಅಂಥಾದು ಒಂದ. ಹೋಗ್ಲಿ ಬಿಡ್ರಿ. ನಿಮ್ಮ ಸ್ಕೂಟರ್ ತಣ್ಣಗಿರ್ಲಿ, ಕುಬುಸಕ್ಕ ಅದನ್ನ ಕರದು ಬಡಿಸೋಣು.”

ಸಂಜೆ ಅವರು ಪ್ರಾಯಶ್ಚಿತ್ತ ಮಾಡಿಕೊಂಡು ಬಂದರು. ಒಂದು ಕೈಯಲ್ಲಿ ಶಾಂತಕ್ಕ ಹೇಳಿದ್ದ ತಟ್ಟೆಯ ಹಾಳೆಯ ಸುರುಳಿ, ಇನ್ನೊಂದು ಕೈಯಲ್ಲಿ ಮಂಕಾದ ಹಾಲುಬಣ್ಣದ ಒಂದು ದಪ್ಪ ಹಾಳೆ. ಗಾದಿ ಅಂಗಡಿಯವನನ್ನೇ ಕೇಳಿ ತಂದರಂತೆ. ನಾನು ಆ ಹಾಲುಬಣ್ಣದ್ದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದೆ. ಹೊಳಪಿಲ್ಲ, ಸದ್ದಿಲ್ಲ, ಬಡ ಸಂಬಂಧಿಕರಂತೆ ಒಂದು ಮೂಲೆಯಲ್ಲಿ ಮುದುರಿ ಕೂತಿದೆ. ಅದೇ ತಟ್ಟೆಯ ಹಾಳೆಯೋ! ಸುರುಳಿ ಬಿಚ್ಚಿದರೆ ಹರಿಯುವ ನೀರಿನಂತೆ ಹೊಳೆಯಿತು. ಮುಟ್ಟಿದರೆ ಚರಚರ ಎಂದಿತು. ನನ್ನ ಬೆರಳು ಕ್ಷಣದಲ್ಲಿ ತೀರ್ಪು ಕೊಟ್ಟಿತು: ಸೀರೆ ಕವರಿನ ಜಾತಿ, ಉತ್ತಮ ಕುಲ. ಬಸುರಿ ಹುಡುಗಿಯ ಬಾಯಿಗೆ ಹೋಗುವ ಪದಾರ್ಥಕ್ಕೆ ಯಾರದೋ ಗಾದಿಯ ಹಾಳೆ ಏಕೆ, ಈ ಶುಭ್ರವಾದದ್ದೇ ಆಗಲಿ ಎಂದು ನಿಶ್ಚಯಿಸಿದೆ. ಐದು ತಟ್ಟೆಗೆ ಬೇಕಾದದ್ದು ಬಿಟ್ಟು ಉಳಿದದ್ದರಲ್ಲಿ ನನ್ನ ಕೆಲಸವಾಗುತ್ತದೆ ಎಂಬ ಅಂದಾಜು.

“ಗಿರಿಜಾ, ಅಂಗಡಿಯವ ಹೇಳ್ಯಾನ, ಅದು ಬಿಸಿ ತಾಗಿದ್ರ…” ಎಂದು ನಮ್ಮ ಮನೆಯವರು ಶುರುಮಾಡಿದರು.

“ಕವರಿನ ವಿಷಯ ನನಗ ಹೇಳಾಕ ಬರಬ್ಯಾಡ್ರಿ” ಎಂದೆ. ಅವರು ಬಾಯಿ ಮುಚ್ಚಿದರು. ಇಪ್ಪತ್ತೆರಡು ವರ್ಷದಲ್ಲಿ ಅವರು ನನ್ನ ಮಾತನ್ನು ಒಂದೇ ಸಲಕ್ಕೆ ಕೇಳಿದ್ದು ಅದೊಂದೇ ದಿನ.

ಆದರೂ ನಾನು ಪರೀಕ್ಷೆಯಿಲ್ಲದೆ ಯಾವುದನ್ನೂ ಒಪ್ಪುವವಳಲ್ಲ, ಮುಖ್ಯವಾಗಿ ನೋಡುವವರು ಇದ್ದಾಗ. ನಮ್ಮ ಅತ್ತೆ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ಬಳ್ಳೊಳ್ಳಿ ಸುಲಿಯುತ್ತಿದ್ದರು. ಬಕೆಟ್ಟಿನಲ್ಲಿ ನೀರು ತುಂಬಿ, ಹಾಲಿನ ಕವರಿನ ಒಂದು ತುಂಡು, ಸೀರೆ ಕವರಿನ ಒಂದು ತುಂಡು, ಈ ಹೊಸ ಹಾಳೆಯ ಒಂದು ತುಂಡು ಹಾಕಿದೆ. ದಿನಾ ಹಾಲಿನ ಕವರು ತೊಳೆಯುವವಳು ನಾನು, ಎಷ್ಟು ಒತ್ತಿ ಹಿಡಿದರೂ ಅದು ಮೇಲೆ ತೇಲಿ ಬರುತ್ತದೆಂದು ಗೊತ್ತು. ಸೀರೆ ಕವರೂ ತೇಲಿತು. ಹೊಸ ಹಾಳೆ ಒಂದು ಸಲ ಹೊರಳಿ ಸದ್ದಿಲ್ಲದೆ ತಳಕ್ಕೆ ಹೋಗಿ ಮಲಗಿತು. ಅತ್ತೆ ಬಗ್ಗಿ ನೋಡಿ, “ಅದು ಮುಳುಗ್ತಲ್ಲವ್ವ” ಎಂದರು. “ತೂಕದ ಮಾಲು ಅತ್ತಿ, ಒಳ್ಳೇದು ಮುಳುಗತೈತಿ” ಎಂದೆ. ಈ ಸಿದ್ಧಾಂತ ಆ ಗಳಿಗೆಯಲ್ಲಿ ನನಗೆ ಹೇಗೆ ಹೊಳೆಯಿತೋ ದೇವರೇ ಬಲ್ಲ.

ಆಮೇಲೆ ಬೆಂಕಿ. ದೇವರ ದೀಪದಿಂದ ಇಂಥ ಕೆಲಸ ಮಾಡುವಷ್ಟು ಕೆಟ್ಟಿಲ್ಲ ನಾನು, ಒಲೆಯ ಪಕ್ಕದಲ್ಲಿ ಕಡ್ಡಿ ಗೀರಿದೆ. ಹಾಲಿನ ಕವರಿನ ತುಂಡು ಹೊತ್ತಿಕೊಂಡು, ಮೇಣದ ಬತ್ತಿಯ ವಾಸನೆ ಬಿಡುತ್ತ ತೊಟತೊಟ ತೊಟ್ಟಿಕ್ಕಿತು. ಹೊಸದರ ತುಂಡು ಕಡ್ಡಿ ಹಿಡಿದಷ್ಟು ಹೊತ್ತು ಕರಿ ಹೊಗೆ ಉಗುಳಿತು, ಕಡ್ಡಿ ತೆಗೆದದ್ದೇ ತಡ ಆರಿಹೋಯಿತು. ವಾಸನೆ ಮಾತ್ರ ಮೂಗಿನ ಕೂದಲು ಸುಟ್ಟಂತೆ, ಕಣ್ಣಲ್ಲಿ ನೀರು ಬಂತು. ದೇವರ ಮನೆಯವರೆಗೂ ಹೋಯಿತೆಂದು ಅತ್ತೆ ಓಡಿಹೋಗಿ ಊದುಬತ್ತಿ ಹಚ್ಚಿ ಬಂದರು. ನಾನು ಕೆಮ್ಮುತ್ತಲೇ, “ನೋಡ್ರಿ ಅತ್ತಿ, ಬೆಂಕಿ ಸೈತ ಹತ್ತಂಗಿಲ್ಲ. ಇದಕ್ಕ ಬಿಸಿಲು ಏನು ಮಾಡೀತು?” ಎಂದೆ. ಅತ್ತೆ ಬಳ್ಳೊಳ್ಳಿಯ ಸಿಪ್ಪೆಯನ್ನು ಊದಿ, “ನೀರಿಗೂ ಒಲ್ಲದು, ಬೆಂಕಿಗೂ ಒಲ್ಲದು. ಭಾಳ ಮರ್ಯಾದಸ್ತ ಹಾಳಿ ತಂದೀರಿ” ಎಂದರು. ಬಕೆಟ್ಟು ಹೇಳಿತು, ಕಡ್ಡಿ ಹೇಳಿತು, ಅತ್ತೆ ಹೇಳಿದರು, ಗಂಡ ಹೇಳಲು ಬಂದರು. ಒಂದು ಪ್ರಶ್ನೆಗೆ ದೇವರು ನಾಲ್ಕು ಬಾಯಿಯಿಂದ ಉತ್ತರ ಕೊಟ್ಟ. ಕೃಪೆಗಳನ್ನು ಎಣಿಸುವ ನಾನು ಆ ನಾಲ್ಕನ್ನೂ ಎಣಿಕೆಗೆ ತೆಗೆದುಕೊಳ್ಳಲಿಲ್ಲ.

ಮರುದಿನ ಭಾನುವಾರ. ಬೆಳಿಗ್ಗೆ ಸ್ನಾನ ಮಾಡಿ, ಪೂಜೆ ಮುಗಿಸಿ, ರುಬ್ಬಿದ ಅಕ್ಕಿಹಿಟ್ಟಿಗೆ ಉಪ್ಪು, ಜೀರಿಗೆ, ಅರೆದ ಹಸಿಮೆಣಸಿನಕಾಯಿ ಹಾಕಿ ದೊಡ್ಡ ಪಾತ್ರೆಯಲ್ಲಿ ಕುದಿಸಿದೆ. ಹಿಟ್ಟು ಬಿಸಿಯಿದ್ದಾಗಲೇ ಹಾಕಬೇಕು, ಆರಿದರೆ ಗಟ್ಟಿಯಾಗಿ ಸೌಟು ಹಿಡಿಯುತ್ತದೆ. ಮಾಳಿಗೆಯ ಮೇಲೆ ಸುರುಳಿಯಿಂದ ಮೂರು ಉದ್ದನೆಯ ತುಂಡು ಕತ್ತರಿಸಿ ಹಾಸಿದೆ. ಐದು ತಟ್ಟೆಯ ಲೆಕ್ಕ ಅಲ್ಲೇ ತಪ್ಪಿತ್ತು, ಆದರೆ ಹಾಳೆ ಅಷ್ಟು ಚೆಂದ ಹೊಳೆಯುವಾಗ ಯಾರು ಲೆಕ್ಕ ಹಾಕುತ್ತಾರೆ? ಅಂಚಿಗೆ ಚಿಕ್ಕ ಚಿಕ್ಕ ಕಲ್ಲುಗಳು, ನಾಲ್ಕು ಮೂಲೆಗೆ ಕಾಗೆ ಕಂಡು ಹೆದರಲೆಂದು ನಾಲ್ಕು ಕೆಂಪು ಮೆಣಸಿನಕಾಯಿ. ಅತ್ತೆ ಕರಿ ಕೊಡೆ ಬಿಚ್ಚಿಕೊಂಡು ಸ್ಟೂಲಿನ ಮೇಲೆ ಕಾವಲಿಗೆ ಕೂತರು. ಮೊದಲ ಸೌಟು ದುರ್ಗಮ್ಮನ ಹೆಸರಿನಲ್ಲಿ ಹಾಕಿ ಅರಿಸಿನ ಇಟ್ಟು ಕೈಮುಗಿದೆ. ಎರಡನೆಯದು, ಮೂರನೆಯದು ಎಂದು ಸಾಲು ಹಿಡಿದು ಸೌಟಿನ ಬೆನ್ನಿನಿಂದ ತಿರುವುತ್ತ ಹೋದೆ. ಎಷ್ಟು ದುಂಡಗೆ, ಎಷ್ಟು ತೆಳ್ಳಗೆ! ಬೀಗತಿ ತನ್ನ ಡಬ್ಬಿ ಮುಚ್ಚುವ ಸದ್ದು ನನಗೆ ಕೇಳಿಸಿತು.

ಎರಡನೆಯ ಸಾಲಿನ ನಡುವೆ ಇದ್ದಾಗ ಅತ್ತೆ, “ಗಿರಿಜವ್ವ, ಅದು ಹಂದ್ಯಾಡಾಕತ್ತೈತಿ” ಎಂದರು.

“ಗಾಳಿ ಅತ್ತಿ.”

“ಗಾಳಿ ಎಲ್ಲೈತವ್ವ, ನನ್ನ ಸೆರಗ ಅಲುಗವಲ್ದು.”

ತಿರುಗಿ ನೋಡಿದೆ. ದುರ್ಗಮ್ಮನ ಸಂಡಿಗೆಯ ಸುತ್ತ ಹಾಳೆ ನೆರಿಗೆ ಕಟ್ಟಿಕೊಳ್ಳುತ್ತಿತ್ತು, ಮುದುಕಿಯ ಬಾಯಿಯ ಹಾಗೆ. ನೋಡನೋಡುತ್ತ ಮಗ್ಗುಲಿನದ್ದೂ ನೆರಿಗೆ ಹಿಡಿಯಿತು, ಅದರ ಮಗ್ಗುಲಿನದ್ದೂ. ಬಿಸಿ ಹಿಟ್ಟು ಬಿದ್ದಲ್ಲೆಲ್ಲ ಹಾಳೆ ಚಿಮಟಿಕೊಂಡು ಒಳಗೆ ಸೇದಿಕೊಳ್ಳುತ್ತಿತ್ತು. ಅಂಚಿನ ಕಲ್ಲುಗಳು ಉರುಳಿ ನಡುವಿಗೆ ಬಂದವು, ಜತೆಗೆ ಮೆಣಸಿನಕಾಯಿಗಳೂ ಬಂದವು. ದುಂಡಗಿದ್ದ ಸಂಡಿಗೆಗಳು ಉದ್ದವಾದವು, ಒಂದನ್ನೊಂದು ತಬ್ಬಿಕೊಂಡವು, ಕೊನೆಗೆ ಎಲ್ಲವೂ ಕೂಡಿ ಒಂದು ತಗ್ಗಿಗೆ ಜಾರಿದವು. ನಾನು ಎರಡೂ ಕೈಯಿಂದ ಅಂಚು ಹಿಡಿದು ಎಳೆದೆ, ಅದು ನನ್ನನ್ನೇ ಎಳೆಯಿತು. ಮಂಡಿಯೂರಿ ಕೂತು ಒಂದು ಪ್ಲಾಸ್ಟಿಕ್ ಹಾಳೆಯ ಜತೆ ಹಗ್ಗ ಜಗ್ಗಾಟ ಆಡುತ್ತಿದ್ದ ನನ್ನನ್ನು ಎದುರು ಮಾಳಿಗೆಯಿಂದ ನಸೀಮಾ ನೋಡಿ, “ಅಕ್ಕಾ, ಏನಾತ್ರಿ?” ಎಂದು ಕೂಗಿದಳು. ಏನು ಹೇಳಲಿ? ಬೆಂಕಿಯೂ ಹತ್ತದ ಮರ್ಯಾದಸ್ತ ಹಾಳೆ ಬಿಸಿಗಂಜಿಗೆ ಮುಷ್ಟಿ ಬಿಗಿದುಕೊಂಡಿತ್ತು. ಪಾತ್ರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹಿಟ್ಟು ಉಳಿದಿತ್ತು, ಅದು ನಿಮಿಷ ನಿಮಿಷಕ್ಕೂ ಗಟ್ಟಿಯಾಗುತ್ತಿತ್ತು. ನಮ್ಮವ್ವನ ಚೀಲದ ತಳ, ಶಾಂತಕ್ಕನ ಮಾನ, ಅನ್ನ ಸೇರದ ಹುಡುಗಿಯ ಬಯಕೆ ಎಲ್ಲವೂ ಆ ಪಾತ್ರೆಯಲ್ಲಿ ಕೆನೆಗಟ್ಟುತ್ತಿದ್ದವು. ನನಗೆ ಅಳು ಬಂತು. ಅತ್ತಿದ್ದು ಹಿಟ್ಟಿನ ಹಬೆಗೆ ಎಂದು ಆಮೇಲೆ ಹೇಳಿದ್ದೇನೆ.

ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ನಮ್ಮ ಮನೆಯವರು ಬಂದರು. ಕಂಕುಳಲ್ಲಿ ಆ ಹಾಲುಬಣ್ಣದ ಹಾಳೆ, ರಾತ್ರಿಯೇ ತೊಳೆದು ಒರೆಸಿ ಮಡಿಸಿಟ್ಟಿದ್ದರೆಂದು ಕಾಣುತ್ತದೆ. ನಾನು ಬೈಗುಳಕ್ಕೆ ಸಿದ್ಧಳಾದೆ. ಅವರು ಏನೂ ಅನ್ನಲಿಲ್ಲ. ಹಾಳೆ ಹಾಸಿದರು, ಮುದುಡಿದ ರಾಶಿಯಿಂದ ಕಲ್ಲುಗಳನ್ನು ಒಂದೊಂದಾಗಿ ಹೆಕ್ಕಿ ತೊಳೆದು ಅಂಚಿಗಿಟ್ಟರು, ಪಾತ್ರೆಗೆ ಒಂದು ಚೊಂಬು ಕುದಿನೀರು ತಂದು ಸುರಿದು ಕಲಕಿದರು. ಬೈದಿದ್ದರೆ ಎಷ್ಟು ಸುಖವಿರುತ್ತಿತ್ತು! ಒಂದು ಮಾತು ಆಡಿದ್ದರೆ ನಾನು ಹತ್ತು ಆಡಿ ಹಗುರಾಗುತ್ತಿದ್ದೆ. ಗಂಡಸರು ಯಾವಾಗ ಸುಮ್ಮನಿದ್ದರೆ ನಾವು ಸೋಲುತ್ತೇವೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ ಎಂದು ನಂಬಿದ್ದೆ. ಗೊತ್ತಿರುತ್ತದೆ.

“ಹಾಕು” ಎಂದರು. ಹಾಕಿದೆ. ಹಾಳೆ ಅಲುಗಲಿಲ್ಲ, ನೆರಿಗೆ ಹಿಡಿಯಲಿಲ್ಲ, ಹೊಳೆಯಲೂ ಇಲ್ಲ. ಸುಮ್ಮನೆ ಬಿದ್ದುಕೊಂಡು ಬಿಸಿ ಹಿಟ್ಟನ್ನು ಹೊತ್ತುಕೊಂಡಿತು. ಸಂಜೆ ಅಂಚು ಹಿಡಿದು ಎತ್ತಿದರೆ ಸಂಡಿಗೆಗಳು ಗಲಗಲ ಎಂದು ಕಳಚಿ ಬಿದ್ದವು. ಗಾದಿಯ ಹಾಳೆಯ ತಮ್ಮನೇ ಅದು, ನನ್ನ ಬೆರಳಿಗೆ ಮಾತ್ರ ಹಿಂದಿನ ದಿನ ಗುರುತು ಸಿಕ್ಕಿರಲಿಲ್ಲ. ಅವರು ಆಗ ಮಾತ್ರ, ತಮ್ಮಷ್ಟಕ್ಕೆ ತಾವು ಎನ್ನುವಂತೆ, “ಅಂಗಡಿಯವ ಹೇಳಿದ್ದ, ಆ ತಟ್ಟಿ ಹಾಳಿ ನೀರಿನ ಪೈಪಿನ ಜಾತಿದಂತ. ಬಿಸಿ ಗಾಳಿ ಬಿಟ್ರ ಬಿಗಿ ಹಿಡಿತೈತಂತ. ಅದಕ್ಕಂತನ ಮಾಡಿರ್ತಾರಂತ” ಎಂದರು. ‘ಅಂತ’ಗಳನ್ನು ಅವರು ಅಷ್ಟು ನಿಧಾನವಾಗಿ ಹೇಳಿದ್ದು ನಾನು ಹಿಂದೆಂದೂ ಕೇಳಿಲ್ಲ. ಮುದುಡಿದ ರಾಶಿಯನ್ನು ಅತ್ತೆ ಕಾಗೆಗೂ ಹಾಕಗೊಡಲಿಲ್ಲ. “ಅವೂ ಮಕ್ಕಳು ಮರಿ ಕಟ್ಟಿಕೊಂಡು ಬಾಳೇ ಮಾಡ್ಯಾವು” ಎಂದರು.

ಕುಬುಸದ ದಿನ ಬೆಳಿಗ್ಗೆ ಕುರುಗೋಡಿಗೆ ಹೋದೆವು. ಆ ಊರಿನ ದೇವರು ದೊಡ್ಡಬಸಪ್ಪನಿಗೆ ದೂರದಿಂದಲೇ ಕೈಮುಗಿದು, ಸಂಡಿಗೆಯಾದರೂ ಅರಳಲಿ ತಂದೆ ಎಂದು ಬೇಡಿಕೊಂಡೆ. ಮನೆಯೊಳಗೆ ಸವಿತಾಳ ಗೆಳತಿಯರು ತಟ್ಟೆ ಜೋಡಿಸುತ್ತಿದ್ದರು. ಬಳೆಯ ತಟ್ಟೆಗೆ ನನ್ನ ಸುರುಳಿಯ ಹಾಳೆ ಮುಚ್ಚಿ, ಕೂದಲು ಒಣಗಿಸುವ ಯಂತ್ರದಿಂದ ಬಿಸಿ ಗಾಳಿ ಹಿಡಿದರು. ಹಾಳೆ ನೆರಿಗೆ ಕಟ್ಟಿತು, ಮುದುಡಿತು, ಬಳೆಗಳ ಮೇಲೆ ಕನ್ನಡಿಯಂತೆ ಬಿಗಿದು ಕೂತಿತು. ಎಲ್ಲರೂ “ಎಷ್ಟು ಚೆಂದ!” ಎಂದರು. ನಾನೂ ಎಂದೆ. ನನ್ನ ಮಾಳಿಗೆಯ ಮೇಲೆ ಅದು ತೋರಿಸಿದ್ದೂ ಇದೇ ಕಸುಬು. ಮೂರು ತಟ್ಟೆಗೆ ಹಾಳೆ ಮುಗಿಯಿತು. ಶಾಂತಕ್ಕ ಉಳಿದೆರಡನ್ನು ನೋಡಿ, “ಲೇ ಮಲ್ಲೇಶಿ, ಐದು ತಟ್ಟಿಗೆ ಅಂತ ಹೇಳಿದ್ನಲ್ಲ, ಎರಡು ಯಾಕ ಬತ್ತಲೆ ಕುಂತಾವ?” ಎಂದು ತಮ್ಮನನ್ನು ಕೇಳಿದರು. ನಮ್ಮ ಮನೆಯವರು ಒಂದು ಕ್ಷಣ ಮೇಲಿನ ಫ್ಯಾನನ್ನು ನೋಡಿದರು. “ನಂದ ಅಳತಿ ತಪ್ಪಿತಕ್ಕ” ಎಂದರು.

ಊಟಕ್ಕೆ ಸಂಡಿಗೆ ಕರಿದರು. ದೊಡ್ಡಬಸಪ್ಪ ನನ್ನ ಮಾತು ಕೇಳಿದ. ಎಣ್ಣೆಗೆ ಬಿಟ್ಟದ್ದೇ ಅಂಗೈಯಗಲ ಅರಳಿದವು. ಸವಿತಾ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತು ಒಂದನ್ನು ಮುರಿದು ಬಾಯಿಗಿಟ್ಟಳು. ಕರಂ ಎಂದಿತು. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದೆವು. ಎರಡನೆಯದನ್ನು ಎತ್ತಿದಳು. “ಅತ್ತಿ, ಇದರ ಜೊತಿ ಒಂದೀಟು ಅನ್ನ ಸಾರು ಹಾಕ್ರಿ” ಎಂದು ನನ್ನ ಕಡೆ ತಿರುಗಿದಳು. ಶಾಂತಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಆ ದಿನದ ಕೃಪೆಗಳನ್ನು ಎಣಿಸುವುದನ್ನು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಬೀಗತಿ ಇದ್ದರಲ್ಲ. ಅವರು ಒಂದು ಸಂಡಿಗೆಯನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, “ಎಷ್ಟು ನುಣ್ಣಗ ಬಂದೈತ್ರಿ! ಯಾತರ ಮ್ಯಾಲೆ ಹಾಕಿದ್ರಿ?” ಎಂದರು.

ಪಂಕ್ತಿಯ ಆ ತುದಿಯಲ್ಲಿ ನಮ್ಮ ಮನೆಯವರು ಹೋಳಿಗೆ ಮುರಿಯುವುದನ್ನು ನಿಲ್ಲಿಸಿದರು. ನನ್ನ ನಾಲಿಗೆಯ ತುದಿಗೆ ‘ನಾನು ಬೆರಳಿನಾಗ ಮುಟ್ಟಿದ್ರ ಸಾಕು, ಹಾಳಿ ಯಾವುದಂತ…’ ಎಂಬ ಹಳೆಯ ಪಾಠ ಬಂದು ನಿಂತಿತ್ತು. ಎರಡು ಬತ್ತಲೆ ತಟ್ಟೆಗಳು ಎದುರಿಗೇ ಕೂತು ನನ್ನನ್ನು ನೋಡುತ್ತಿದ್ದವು.

“ಹಾಳಿ ನಮ್ಮ ಮನಿಯವರು ಆರಿಸಿ ತಂದಿದ್ರಿ” ಎಂದೆ. “ಅವರಿಗೆ ಅದರಾಗ ಭಾಳ ತಿಳಿತೈತಿ.”

ಈ ಒಂದು ಸತ್ಯಕ್ಕೆ ನಾನು ಈಗಲೂ ದಂಡ ಕಟ್ಟುತ್ತಿದ್ದೇನೆ. ಕುರುಗೋಡಿನಿಂದ ಶಾಂತಕ್ಕ, ಸಿರುಗುಪ್ಪದಿಂದ ಬೀಗತಿ, ಅಷ್ಟೇಕೆ, ನನ್ನ ಹೆತ್ತ ತಾಯಿಯೂ ಕವರಿನ ವಿಷಯ ಬಂದರೆ ನನ್ನ ಫೋನಿಗೆ ಮಾಡಿ, “ಅವರಿಗೆ ಕೊಡು” ಎನ್ನುತ್ತಾರೆ. ಹಪ್ಪಳಕ್ಕೆ ಯಾವುದು, ಉಪ್ಪಿನಕಾಯಿ ಭರಣಿಯ ಬಾಯಿಗೆ ಯಾವುದು, ಸೀರೆಗೆ ಯಾವುದು ಎಂಬ ಪ್ರಶ್ನೆಗಳಿಗೆಲ್ಲ ನಮ್ಮ ಮನೆಯವರು ಗಂಭೀರವಾಗಿ “ಹಾಂ, ಹಾಂ, ತಡೀರಿ, ನೋಡಿ ಹೇಳ್ತೀನಿ” ಎಂದು ಫೋನಿನ ಬಾಯಿಗೆ ಅಂಗೈ ಮುಚ್ಚಿ, ನನ್ನ ಕಡೆ ತಿರುಗಿ ಕಣ್ಣಲ್ಲೇ ಕೇಳುತ್ತಾರೆ. ಹಾಲಿನ ಕವರನ್ನೂ ಸೀರೆ ಕವರನ್ನೂ ಅವರು ಇಂದಿಗೂ ಒಂದೇ ಎನ್ನುತ್ತಾರೆ. ನಾನು ಗಾದಿ ಎತ್ತಿ ತುಂಡು ತರುತ್ತೇನೆ, ಎಳೆದು ನೋಡುತ್ತೇನೆ, ಸದ್ದು ಕೇಳುತ್ತೇನೆ. ಮೊದಲಾದರೆ ಅಷ್ಟರಲ್ಲೇ ತೀರ್ಪು ಕೊಟ್ಟುಬಿಡುತ್ತಿದ್ದೆ. ಈಗ ಹಿತ್ತಲಿಗೆ ಹೋಗಿ ಬಕೆಟ್ಟಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ತುಂಡನ್ನು ನೀರಿಗೆ ಹಾಕುತ್ತೇನೆ. ಅತ್ತೆ ಹೊಸ್ತಿಲಲ್ಲಿ ಬಳ್ಳೊಳ್ಳಿ ಸುಲಿಯುವುದನ್ನು ನಿಲ್ಲಿಸಿ ಕತ್ತು ಉದ್ದ ಮಾಡುತ್ತಾರೆ. ತುಂಡು ತೇಲಿದರೆ ತೇಲಿತು ಎನ್ನುತ್ತೇನೆ. ಮುಳುಗಿದರೆ, ಅತ್ತೆ ಬಾಯಿ ತೆರೆಯುವ ಮೊದಲೇ, ಮುಳುಗಿತು ಎನ್ನುತ್ತೇನೆ.